ತಾರೀಖು ಮಾತ್ರ ಹೊಸದು

ಸೆಪ್ಟೆಂಬರ್ 1, ಸೋಮವಾರ

ಇವತ್ತು ಪುಟ ಹೊರಗೆ ಬಂತು. ಬೆಳಿಗ್ಗೆ ಗುಂಡಿ ಒತ್ತಿದೆ, ಗುಡ್ಡದ ಮೇಲಿನ ಕೆಸರುಕೆರೆ ಹೇಗಿದೆ ಎಂಬುದು ಊರಿನ ಯಾರ ಫೋನಿನಲ್ಲಿ ಬೇಕಾದರೂ ಕಾಣುವಂತಾಯಿತು.

ಹೋದ ವರ್ಷ ಗಣಿ ಕಂಪನಿಯವರು ಅದಿರು ತೊಳೆದು ಆ ಕೆರೆಯಲ್ಲಿ ತುಂಬಿಟ್ಟ ಕೆಸರು ಏರಿಯ ಸಂದಿನಿಂದ ಇಳಿದು ಕೆಳಬೀದಿಯ ಹಿತ್ತಿಲುಗಳಿಗೆ ನುಗ್ಗಿತ್ತು. ಜನ ಕಂಪನಿಯ ಗೇಟಿನ ಮುಂದೆ ಕೂತರು. ಏಳುವುದಕ್ಕೆ ಅವರು ಹಾಕಿದ ಷರತ್ತು ಒಂದೇ, ಏರಿಯ ಸ್ಥಿತಿ ದಿನಾ ನಮಗೆ ಗೊತ್ತಾಗಬೇಕು. ಅದರಿಂದ ಈ ಪುಟ ಹುಟ್ಟಿತು, ಪತ್ರಿಕೆ ಮುಚ್ಚಿ ಮನೆಯಲ್ಲಿ ಕೂತಿದ್ದ ನನಗೆ ಕೆಲಸವೂ ಹುಟ್ಟಿತು. ಪ್ರೂಫ್ ತಿದ್ದುತ್ತಿದ್ದವನು ಪ್ರೋಗ್ರಾಮ್ ಕಲಿತದ್ದು ಕಡೆಗೂ ಹೊಟ್ಟೆಪಾಡಿಗೆ ಒದಗಿತು.

ಏರಿಯ ಉಸ್ತುವಾರಿ ಇಂಜಿನಿಯರ್ ಮೇಡಂ ಅವರದು. ಅವರು ಬೆಳಿಗ್ಗೆ ಏರಿ ಸುತ್ತಿ ಬಂದು ಟಿಪ್ಪಣಿ ಬರೆಯುತ್ತಾರೆ. ಬಣ್ಣವಿಲ್ಲ, ಚೌಕಟ್ಟಿಲ್ಲ, ಬರೀ ಅಕ್ಷರ. ತಲೆಬರಹದ ಮುಂದೆ ಒಂದು ನಕ್ಷತ್ರದ ಗುರುತು, ಅಷ್ಟೇ ಅಲಂಕಾರ. ಆ ಟಿಪ್ಪಣಿಯ ನಡುವೆ ನಾನು ಸಣ್ಣ ಪ್ರೋಗ್ರಾಮ್ ತುಣುಕುಗಳನ್ನು ಹುದುಗಿಸಿಟ್ಟಿದ್ದೇನೆ. ಪ್ರಕಟಿಸುವ ಹೊತ್ತಿಗೆ ಅವು ಓಡುತ್ತವೆ. ಒಂದು ಆ ದಿನದ ತಾರೀಖು ತುಂಬುತ್ತದೆ. ಇನ್ನೊಂದು, ಏರಿಯೊಳಗೆ ಇಳಿಬಿಟ್ಟ ಕೊಳವೆಗಳಲ್ಲಿ ನೀರು ಎಷ್ಟು ಏರಿದೆ ಎಂದು ಯಂತ್ರ ಕಳಿಸುವ ಅಳತೆಯನ್ನು ಓದಿ ಕೋಷ್ಟಕ ಮಾಡುತ್ತದೆ. ಮೂರನೆಯದು ನನ್ನ ಹೆಮ್ಮೆ. ಅದು ಅಳತೆ ನೋಡಿ ತಾನೇ ವಾಕ್ಯ ಬರೆಯುತ್ತದೆ. ಸಾಮಾನ್ಯ, ಎಚ್ಚರ, ತೆರವು, ಈ ಮೂರರಲ್ಲಿ ಒಂದು.

ಇವತ್ತು ಬಂದದ್ದು: 'ಏರಿಯ ಸ್ಥಿತಿ ಸಾಮಾನ್ಯ. ನಿಶ್ಚಿಂತೆಯಿಂದಿರಿ.'

ಮೇಡಂ ಎರಡನೇ ವಾಕ್ಯಕ್ಕೆ ತಕರಾರು ತೆಗೆದರು. "ಮೊದಲನೇದು ಅಳತೆ. ಎರಡನೇದು ಯಾಕೆ?"

"ಜನಕ್ಕೆ ಒಂದು ಧೈರ್ಯ, ಮೇಡಂ."

"ಧೈರ್ಯ ಅವರೇ ತಂದ್ಕೋತಾರೆ ಬಿಡಿ," ಎಂದರು. ಆದರೆ ತೆಗೆಯಿರಿ ಎನ್ನಲಿಲ್ಲ. ಆ ಮಾತು ಬರೆದವನು ನಾನು, ತೆಗೆಯಲು ನನಗೂ ಮನಸ್ಸಿರಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಕೆಳಬೀದಿಯಲ್ಲಿ ಅಕ್ಕನ ಮನೆಯಲ್ಲಿ ಊಟ. ಮುಂದೆ ಲಾಂಡ್ರಿ, ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ಕೂತು ಉಂಡರೆ ಅನ್ನಕ್ಕೂ ಸೋಪಿನ ವಾಸನೆ. ಭಾವ ಇಸ್ತ್ರಿ ಮಾಡುವ ಮೇಜಿನ ಮೇಲೆ ಫೋನನ್ನು ಡಬ್ಬಿಗೆ ಒರಗಿಸಿ ಪುಟ ತೆರೆದಿಟ್ಟಿದ್ದರು. ಗಿರಾಕಿಗಳಿಗೆಲ್ಲ ತೋರಿಸುತ್ತಾರಂತೆ.

"ಇದು ನಮ್ಮ ಭಾವಮೈದುನನ ಪುಟ. ಹೆತ್ತಿರೋದು ಅವನೇ. ಪುಟದಪ್ಪ ಅಂತ ಹೆಸರಿಟ್ಟಿದೀನಿ."

"ಅವನ ತಲೆ ಮೇಲೆ ಕೂರಿಸ್ಬೇಡಿ," ಎಂದಳು ಅಕ್ಕ. "ಮೊದಲೇ ನೆಲದ ಮೇಲೆ ಕಾಲಿಲ್ಲ."

ಆದರೂ ಬಾಗಿಲಿಗೆ ಬಂದು ನನ್ನ ಕೈಗೆ ಸಾರಿನ ಡಬ್ಬಿ ಕೊಡುತ್ತಾ, "ಹೋದ ವರ್ಷದ ಮೇಲೆ ನಂಗೆ ಸರಿಯಾಗಿ ನಿದ್ದೆನೇ ಇರ್ಲಿಲ್ಲ ಕಣೋ. ಈಗ ನಿಂದು ಓದಿ ಮಲಗ್ತೀನಿ," ಎಂದಳು.

ನನ್ನ ಮಗಳ ಶಾಲೆಯೂ ಅದೇ ಬೀದಿಯ ಕೊನೆಯಲ್ಲಿದೆ. ಮುಖ್ಯೋಪಾಧ್ಯಾಯಿನಿ ಪುಟವನ್ನು ದಿನಾ ಓದುತ್ತಾರೆಂದು ಮಗಳು ಹೇಳಿದಳು. ನಾವಿರುವುದು ಮೇಲ್ಬೀದಿಯಲ್ಲಿ, ಗುಡ್ಡದ ಆ ಕಡೆ. ನಮಗೆ ಕೆರೆ ಕಾಣುವುದೂ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ವಾರದಿಂದ ಬಿಡದೆ ಮಳೆ. ಇವತ್ತು ಪ್ರಕಟಿಸಿದಾಗ ವಾಕ್ಯ ತಾನಾಗಿ ಬದಲಾಗಿತ್ತು: 'ಎಚ್ಚರ. ಏರಿಯೊಳಗೆ ನೀರಿನ ಒತ್ತಡ ಹೆಚ್ಚಿದೆ.' ಬರೆದ ಪ್ರೋಗ್ರಾಮ್ ಹೇಳಿದಂತೆ ನಡೆದಾಗ ಆಗುವ ಖುಷಿ ನನಗೂ ಆಯಿತು. ಸುಳ್ಳೇಕೆ ಹೇಳಲಿ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಕಂಪನಿಯ ಫೋನುಗಳು ಬಡಿದುಕೊಳ್ಳತೊಡಗಿದವು. ಮ್ಯಾನೇಜರ್ ಕರೆಸಿದರು. ಅವರು ದನಿ ಎತ್ತುವವರಲ್ಲ. ಕುರ್ಚಿ ಎಳೆದು ಕೂರಿಸಿ, ಟೀ ತರಿಸಿ, ಆಮೇಲೆ ಮಾತಾಡಿದರು.

"ಕೆಲಸ ಚೆನ್ನಾಗಿದೆ. ಒಂದೇ ಒಂದು ಸಣ್ಣ ಬದಲಾವಣೆ. ಪುಟ ತಾನೇ ಲೆಕ್ಕ ಹಾಕಿ ತಾನೇ ಹೇಳೋದು ಬೇಡ. ಮೊದಲು ನಾವು ನೋಡ್ತೀವಿ. ನಾವು ಹೇಳಿದಾಗ ಹೊಸ ಲೆಕ್ಕ ಹಾಕ್ಲಿ. ಅಲ್ಲೀವರೆಗೆ ಹಿಂದಿನದೇ ಇರ್ಲಿ."

"ಹಿಂದಿನದು ಅಂದ್ರೆ ಸಾಮಾನ್ಯ ಅಂತ ಬರುತ್ತೆ ಸರ್."

"ಹಿಂದೆ ಸಾಮಾನ್ಯವೇ ಇತ್ತಲ್ಲ? ಕಂಪನಿ ಕೊಳ್ಳೋರು ಬಂದು ನೋಡ್ತಿದಾರೆ. ಈ ಹೊತ್ತಲ್ಲಿ ಒಂದು ಯಂತ್ರ ಊರನ್ನೇ ಹೆದರಿಸ್ಬಾರದು. ಮನುಷ್ಯರ ಕಣ್ಣು ಒಂದು ಸಲ ಹಾಯ್ಲಿ, ಅಷ್ಟೇ."

ಅದರಲ್ಲಿ ನ್ಯಾಯವಿದೆ ಅನ್ನಿಸಿತು. ಯಂತ್ರದ ಮೇಲೆ ಮನುಷ್ಯರ ಕಣ್ಣು ಇರಬೇಕಾದ್ದೇ. ತುಣುಕಿನ ತಲೆಯಲ್ಲಿ ಒಂದೇ ಒಂದು ಪದ ಸೇರಿಸಿದರೆ ಸಾಕು, ಒಮ್ಮೆ ಹಾಕಿದ ಲೆಕ್ಕವನ್ನು ಅದು ಕಾದಿಟ್ಟುಕೊಂಡು ಅದನ್ನೇ ತೋರಿಸುತ್ತದೆ. ಹೋದ ವಾರದ ಲೆಕ್ಕವನ್ನು ಕಾದಿಡುವಂತೆ ಮಾಡಿ ಪ್ರಕಟಿಸಿದೆ. ಹೊತ್ತೇನೂ ಹಿಡಿಯಲಿಲ್ಲ. ತಾರೀಖಿನ ತುಣುಕಿನ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನು ಮುಟ್ಟಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಮೇಡಂ ನನ್ನ ಕೋಣೆಗೇ ಬಂದರು. ಬೂಟಿನ ತುಂಬ ಕೆಂಪು ಮಣ್ಣು. ಕೂರಲಿಲ್ಲ.

"ತಾರೀಖು ಇವತ್ತಿಂದು, ಅಳತೆ ಹತ್ತು ದಿನ ಹಳೇದು. ಹಳಸಿದ ಹಾಲಿಗೆ ಇವತ್ತಿನ ಚೀಟಿ ಅಂಟಿಸಿ ಮಾರ್ತಿದೀರಿ, ಗೊತ್ತಿದೆಯಾ?"

"ಹೊಸ ಲೆಕ್ಕಕ್ಕೆ ಆಫೀಸಿನ ಒಪ್ಪಿಗೆ ಬರಬೇಕು ಮೇಡಂ. ಬಂದ ಕೂಡಲೇ ಹಾಕ್ತೀನಿ."

"ನನ್ನ ಟಿಪ್ಪಣಿನೂ ಕಾಣ್ತಿಲ್ಲ. ಏರಿ ಬುಡದಲ್ಲಿ ನೀರು ಒಸರ್ತಿದೆ ಅಂತ ಬರೆದಿದ್ದೆ."

ಅದೂ ನಿಜ. ತಲೆಬರಹದ ಪಕ್ಕ ಒಂದು ಗುರುತು ಹಾಕಿದರೆ ಆ ಭಾಗ ಟಿಪ್ಪಣಿಯಲ್ಲಿ ಉಳಿಯುತ್ತದೆ, ಪುಟಕ್ಕೆ ಹೋಗುವುದಿಲ್ಲ. ಆ ಗುರುತು ಹಾಕಲು ನಿನ್ನೆ ಆಫೀಸಿನಿಂದ ಸೂಚನೆ ಬಂದಿತ್ತು. ಹಾಗೆಂದೆ. ಮೇಡಂ ಬಾಗಿಲ ತನಕ ಹೋಗಿ ತಿರುಗಿದರು.

"ನಿಮ್ಮವರು ಯಾರೋ ಕೆಳಬೀದೀಲಿ ಇದಾರೆ ಅಂದಿದ್ರಿ."

"ಅಕ್ಕ, ಭಾವ."

ಅವರು ಹಾಗೇ ಹೊರಟುಹೋದರು. ಇಂಜಿನಿಯರುಗಳಿಗೆ ಎಲ್ಲದರಲ್ಲೂ ಅಪಾಯ ಕಾಣುವುದು ಸಹಜ. ಅದು ಅವರ ಕಸುಬು.

ಸೆಪ್ಟೆಂಬರ್ 26, ಶುಕ್ರವಾರ

ಮೇಡಂಗೆ ವರ್ಗವಾಯಿತು, ದೂರದ ಇನ್ನೊಂದು ಗಣಿಗೆ. ಹೋಗುವ ಮೊದಲು ಫೋನ್ ಮಾಡಿದ್ದರು. "ನಾನು ಬರೆಯೋ ಕಡೆಗೆಲ್ಲ ಬರೆದಿದೀನಿ, ಉತ್ತರ ಇಲ್ಲ. ಒಸರೋ ನೀರು ತಿಳಿಯಾಗಿರೋ ತನಕ ಏರಿ ತಡ್ಕೊಳ್ಳುತ್ತೆ. ಕದಡಿ ಬಂತು ಅಂದ್ರೆ ಒಳಗಿನ ಮಣ್ಣು ಕೊಚ್ಕೊಂಡು ಬರ್ತಿದೆ ಅಂತ ಅರ್ಥ. ಆವತ್ತು ಯಾರ ಒಪ್ಪಿಗೆಗೂ ಕಾಯಬೇಡಿ."

ಆಗಲಿ ಎಂದೆ. ಹೊಸಬರು ಬರುವ ತನಕ ಟಿಪ್ಪಣಿ ಇರುವುದಿಲ್ಲ. ಪುಟ ಎಂದಿನಂತೆ ಪ್ರಕಟವಾಗುತ್ತದೆ.

ಸೆಪ್ಟೆಂಬರ್ 27, ಶನಿವಾರ

ಪ್ರಕಟಿಸಲಾಯಿತು. ಸಾಮಾನ್ಯ.

ಸೆಪ್ಟೆಂಬರ್ 30, ಮಂಗಳವಾರ

ಮಧ್ಯಾಹ್ನ ಮಳೆ ಬಿಟ್ಟಿತ್ತು. ಕಾಲಾಡಿಸಿದಂತಾಗಲಿ ಎಂದು ಗುಡ್ಡದ ಕಡೆ ನಡೆದೆ. ಏರಿ ನೋಡಲೆಂದೇ ಹೋದದ್ದಲ್ಲ.

ಬುಡದ ಹತ್ತಿರ ಹುಲ್ಲು ಒಂದು ಕಡೆ ಮಲಗಿಕೊಂಡಿತ್ತು. ಅದರ ನಡುವಿನಿಂದ ನೀರು ಸದ್ದಿಲ್ಲದೆ ಬರುತ್ತಿತ್ತು, ಬೆರಳಿನಷ್ಟು ದಪ್ಪ. ಮಡಚಿದ ಅಂಗೈಯಲ್ಲಿ ಹಿಡಿದೆ. ಅಂಗೈಯ ಗೆರೆ ಕಾಣಲಿಲ್ಲ.

ವಾರವಿಡೀ ಮಳೆ ಬಿದ್ದ ಗುಡ್ಡ, ಮೇಲಿನ ಮಣ್ಣು ಕರಗಿ ಬಂದಿರಬಹುದು. ಅಲ್ಲೇ ನಿಂತು ಫೋನ್ ತೆಗೆದು ಪುಟ ನೋಡಿದೆ. ಸಾಮಾನ್ಯ ಎಂದಿತ್ತು. ಸ್ವಲ್ಪ ಸಮಾಧಾನವಾಯಿತು.

ಇಳಿದು ಬರುವಾಗ ಕೈ ಒರೆಸಿಕೊಂಡ ಕರವಸ್ತ್ರವನ್ನು ದಾರಿಯಲ್ಲೇ ಎಸೆದೆ. ಹೆಂಡತಿ ಕಲೆ ನೋಡಿ ಕೇಳುತ್ತಾಳೆ, ಸುಮ್ಮನೆ ಮಾತು ಬೆಳೆಯುತ್ತದೆ.

ಅಕ್ಟೋಬರ್ 1, ಬುಧವಾರ

ಮಗಳಿಗೆ ಬೆಳಿಗ್ಗೆ ಒಂದು ಸೀನು ಬಂತು. ಹವೆ ಸರಿಯಿಲ್ಲ. ಶಾಲೆಗೆ ಕಳಿಸಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ಪುಟ ಪ್ರಕಟವಾಗಿದೆ. ಹೊಸ ಲೆಕ್ಕ ಹಾಕಬಹುದೇ ಎಂದು ಆಫೀಸಿಗೆ ಎರಡು ಸಲ ಕೇಳಲಾಯಿತು. ಮುಂದಿನ ವಾರ ನೋಡೋಣ ಎಂದರು. ಕೇಳಿದ್ದಂತೂ ಆಯಿತು.

ಸಂಜೆ ಲಾಂಡ್ರಿಗೆ ಹೋಗಿದ್ದೆ. ನಾಲ್ಕು ದಿನ ನಮ್ಮಲ್ಲಿ ಬಂದು ಇರಿ ಎಂದೆ.

"ಏನು ವಿಶೇಷ?" ಅಕ್ಕ ಮುಖ ಎತ್ತಿದಳು.

"ಏನಿಲ್ಲ, ಸುಮ್ನೆ. ಮಗಳಿಗೆ ಮೈ ಸರಿ ಇಲ್ಲ, ನಿನ್ನ ಕೇಳ್ತಿದ್ಳು."

"ಹೋಟೆಲಿನೋರ ಹೊದಿಕೆ ರಾಶಿ ಬಿದ್ದಿದೆ. ಈ ಮಳೇಲಿ ಒಂದೂ ಒಣಗ್ತಿಲ್ಲ," ಎಂದರು ಭಾವ. "ಮುಗಿಸಿ ಬರ್ತೀವಿ ಕಣೋ. ಎಲ್ಲಿಗೆ ಹೋಗುತ್ತೆ ನಿನ್ನ ಮನೆ?"

ನಾನು ಕರೆದೆ. ಅವರೇ ಬರಲಿಲ್ಲ.

ಅಕ್ಟೋಬರ್ 6, ಸೋಮವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮಗಳು ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇನ್ನೊಂದು ದಿನ ರಜಾ ಇರಲಿ ಎಂದೆ. ಅವಳು ಅಳುವ ಮುಖ ಮಾಡಿದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಮಗಳನ್ನು ಒಳಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಅವಳಿಗೆ ಏನಾಗಿದೆ ರೀ?"

"ಸೀನ್ತಿದ್ಳಲ್ಲ."

"ಸೀನಿದ್ದು ಬುಧವಾರ. ಆವತ್ತೇ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ನಿಮ್ಮ ಹಣೆನೇ ಬಿಸಿ ಇದೆ. ಟಾರ್ಚ್ ತಂದಿಟ್ಟಿದೀರಿ. ಲಾಂಡ್ರಿಗೆ ಹೋಗಿ ಅತ್ತಿಗೆ, ಅಣ್ಣನ್ನ ಇಲ್ಲಿಗೆ ಕರೆದ್ರಿ. ಮೂರು ವರ್ಷದಿಂದ ಅಲ್ಲಾಡ್ತಿದ್ದ ಹಿಂದಿನ ಕೋಣೆ ಮಂಚ ನಿನ್ನೆ ರಿಪೇರಿ ಮಾಡಿದ್ರಿ." ಅವಳು ಫೋನ್ ತೆಗೆದು ಪುಟವನ್ನು ನನ್ನ ಮುಖದ ಮುಂದೆ ಹಿಡಿದಳು. "ಇದರಲ್ಲಿ ಸಾಮಾನ್ಯ ಅಂತಿದೆ. ನಿಶ್ಚಿಂತೆಯಿಂದಿರಿ ಅಂತಿದೆ. ಹಾಗಾದ್ರೆ ಮಗು ಮನೇಲಿ ಯಾಕಿದೆ?"

ಹೇಳಲು ಬಾಯಿ ತೆರೆದೆ. ಆಫೀಸಿನ ಒಪ್ಪಿಗೆ ಇನ್ನೂ ಬಂದಿಲ್ಲ ಎಂಬ ಮಾತು ಬಂತು.

"ನಮ್ಮ ಮಗಳನ್ನ ಇರಿಸ್ಕೊಳ್ಳೋಕೆ ಯಾರ ಒಪ್ಪಿಗೆ ತಗೊಂಡ್ರಿ?"

ಒಂದು ವಾರ ನನ್ನ ಮನೆಯೊಳಗೆ ನಾನು ನಡೆದುಕೊಂಡ ರೀತಿಯನ್ನು ಅವಳು ಒಂದೊಂದಾಗಿ ಎಣಿಸಿ ಹೇಳುವವರೆಗೂ ನನಗೇ ಅದು ಕಂಡಿರಲಿಲ್ಲ. ಕಂಡಿರಲಿಲ್ಲ ಎಂದು ಬರೆಯುವುದೂ ಸರಿಯೋ ಅಲ್ಲವೋ.

ಕಂಪ್ಯೂಟರ್ ಮುಂದೆ ಕೂತೆ. ಅವಳು ಬೆನ್ನ ಹಿಂದೆ ನಿಂತಳು. ಕಾದಿಡು ಎಂಬ ಪದ ಅಳಿಸಿದೆ, ಹಳೆಯ ಲೆಕ್ಕ ಅಳಿಸಿದೆ, ಮೇಡಂ ಟಿಪ್ಪಣಿಯ ಮೇಲಿದ್ದ ಗುರುತು ಅಳಿಸಿದೆ. ಪ್ರಕಟಿಸು ಎಂದು ಒತ್ತಿದೆ. ತುಣುಕುಗಳು ಒಂದಾದ ಮೇಲೊಂದು ಓಡಿದವು. ಕೊಳವೆಗಳ ಅಳತೆ ಸಾಲುಸಾಲಾಗಿ ಬಂದು ನಿಂತಿತು. ಎರಡು ಕೊಳವೆಗಳಲ್ಲಿ ನೀರು ಬಾಯಿಯ ತನಕ ಬಂದಿತ್ತು. ಕೆಳಗೆ ನಾನು ಬರೆದಿಟ್ಟು, ಎಂದೂ ಬಾರದಿರಲಿ ಎಂದುಕೊಂಡಿದ್ದ ವಾಕ್ಯ ಇತ್ತು: 'ತೆರವು. ಕೆಳಬೀದಿಯವರು ಕೂಡಲೇ ಮನೆ ಬಿಡಿ.'

ಹೆಂಡತಿ ಆಗಲೇ ಶಾಲೆಗೆ ಫೋನ್ ಮಾಡುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಕೆಳಬೀದಿ ಬರಿದಾಗತೊಡಗಿತು. ಮಕ್ಕಳನ್ನು ಸಾಲಾಗಿ ಮೇಲಕ್ಕೆ ಕರೆತಂದರು. ಜನ ಹಾಸಿಗೆ, ಸಿಲಿಂಡರ್, ಮುದುಕರನ್ನು ಹೊತ್ತು ತಂದರು. ಅಕ್ಕ ಎರಡು ಚೀಲ ಹಿಡಿದು ಬಂದಳು. ಭಾವ ಇಸ್ತ್ರಿಪೆಟ್ಟಿಗೆ ತಂದಿದ್ದರು. ಮ್ಯಾನೇಜರ್ ಫೋನ್ ಮಾಡಿ, ಆಗಲೂ ದನಿ ಎತ್ತದೆ, "ನೀವು ಹೀಗೆ ಮಾಡ್ಬಾರ್ದಿತ್ತು," ಎಂದು ಇಟ್ಟರು. ಮಧ್ಯಾಹ್ನದ ಹೊತ್ತಿಗೆ ನನ್ನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ.

ಊಟಕ್ಕೆ ಕೂತಾಗ ಭಾವ ಕೇಳಿದರು, "ಅಲ್ಲ ಕಣೋ ಪುಟದಪ್ಪ, ನಿನ್ನೆ ತನಕ ಸಾಮಾನ್ಯ ಇದ್ದಿದ್ದು ಒಂದೇ ರಾತ್ರಿಗೆ ಇಷ್ಟು ಹೇಗೆ ಏರ್ತು?"

ಹೆಂಡತಿ ನನ್ನ ಕಡೆ ನೋಡಿದಳು. ಅಕ್ಕ ತಟ್ಟೆಯ ಮುಂದೆ ನೆಮ್ಮದಿಯಾಗಿ ಕೂತಿದ್ದಳು, ತಮ್ಮ ಕಾಪಾಡಿದ ಎಂಬ ನೆಮ್ಮದಿ.

"ಮಳೆ," ಎಂದೆ.

ನಾಳೆ ಹೇಳಿದರಾಯಿತು. ಎಲ್ಲರೂ ಮೇಲಿದ್ದಾರೆ. ಈಗ ಯಾರಿಗೂ ಏನೂ ಆಗುವಂತಿಲ್ಲ.

ಅಕ್ಟೋಬರ್ 7, ಮಂಗಳವಾರ

ಬೆಳಿಗ್ಗೆ ನಾನು ಪೊಲೀಸ್ ಠಾಣೆಗೆ ಹೋದೆ. ಕೆಳಬೀದಿಗೆ ಕಾವಲು ಹಾಕಿ ಎಂದು ಕೇಳಬೇಕಿತ್ತು. ಬೆಂಚಿನ ಮೇಲೆ ಕಾಯಿಸಿದರು.

ನಾನು ಅಲ್ಲಿ ಕೂತಿದ್ದಾಗ ಕಂಪನಿಯವರು ಹಳೆಯ ಕಡತವನ್ನು ಮತ್ತೆ ಪ್ರಕಟಿಸಿದರು. ಇವತ್ತಿನ ತಾರೀಖು. ಸಾಮಾನ್ಯ. ನಿಶ್ಚಿಂತೆಯಿಂದಿರಿ. ಮೇಲೆ ಒಂದು ಸಾಲು: ನಿನ್ನೆಯ ಸೂಚನೆ ತಾಂತ್ರಿಕ ದೋಷದಿಂದ ಆದದ್ದು.

ಭಾವ ಅದನ್ನು ನೋಡಿದರಂತೆ. "ನೋಡು, ನಿನ್ನ ತಮ್ಮನ ಪುಟ ಸರಿಹೋಯ್ತು. ಹೊದಿಕೆ ಹಾಗೇ ಬಿಟ್ರೆ ಮುಗ್ಗು ಹಿಡಿಯುತ್ತೆ, ತೆಗೆದು ಹರಡಿ ಬರ್ತೀನಿ," ಎಂದು ಅಕ್ಕನಿಗೆ ಹೇಳಿ ಇಳಿದರಂತೆ. ಹೆಂಡತಿ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು. ಇನ್ನೂ ಕೆಲವರು ಇಳಿದಿದ್ದರು. ಅವರೆಲ್ಲ ಬೀದಿಯ ಈ ತುದಿಯವರು, ಸದ್ದು ಕೇಳಿ ಓಡಿ ಬಂದರು.

ಠಾಣೆಯ ಕಿಟಕಿ ಗಾಜು ಅದುರಿತು. ಎಲ್ಲರೂ ಗುಡುಗು ಎಂದುಕೊಂಡರು. ಏರಿ ಒಡೆದಿತ್ತು.

ಅಕ್ಟೋಬರ್ 9, ಗುರುವಾರ

ಕೆಸರಿನಡಿ ಭಾವ ಸಿಕ್ಕರು.

ಅಕ್ಟೋಬರ್ 21, ಮಂಗಳವಾರ

ಅಕ್ಕ ಹಿಂದಿನ ಕೋಣೆಯಲ್ಲಿದ್ದಾಳೆ. ನಿಮ್ಮ ತಮ್ಮ ಇಲ್ಲದಿದ್ದರೆ ಶಾಲೆಯ ಮಕ್ಕಳ ಗತಿ ಏನಾಗುತ್ತಿತ್ತು ಎಂದು ಬಂದವರೆಲ್ಲ ಅವಳಿಗೆ ಹೇಳುತ್ತಾರೆ. ಅವಳು ತಲೆ ಆಡಿಸುತ್ತಾಳೆ. ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ.

ಮುಂದಿನ ವಾರ ವಿಚಾರಣೆ ಶುರುವಾಗುತ್ತದೆ. ಇಂಜಿನಿಯರ್ ಮೇಡಂ ಬರುತ್ತಾರಂತೆ. ಮ್ಯಾನೇಜರ್ ಕಡೆಯ ವಕೀಲ ಫೋನ್ ಮಾಡಿ, ಪುಟ ಪೂರ್ತಿ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು ಎಂದರೆ ಎಲ್ಲರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು ಎಂದ. ಯೋಚಿಸುತ್ತೇನೆ ಎಂದೆ. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ಅವಳ ಕೈ ನಿಂತದ್ದು ಕಂಡಿತು.

ಅಕ್ಟೋಬರ್ 24, ಶುಕ್ರವಾರ

ಸಂಜೆ ಅಕ್ಕ ಮಗಳ ತಲೆ ಬಾಚುತ್ತಿದ್ದಳು. ಶಾಲೆ ಇನ್ನೆಲ್ಲಿ ನಡೆಯುತ್ತದೆ, ಗೆಳತಿಯರು ಯಾರು ಯಾರು ಎಂದು ಮಗಳು ಒಂದೇ ಸಮನೆ ಮಾತಾಡುತ್ತಿದ್ದಳು. ನಾನು ಜಗಲಿಯಲ್ಲಿದ್ದೆ, ಎಲ್ಲ ಕೇಳುತ್ತಿತ್ತು.

"ನಿಂಗೆ ಆಗ ಜ್ವರ ಬಂದಿತ್ತಲ್ಲ, ಈಗ ಪೂರ್ತಿ ಹೋಯ್ತಾ?"

"ನಂಗೆ ಜ್ವರ ಬಂದೇ ಇರ್ಲಿಲ್ಲ ಅತ್ತೆ. ಅಪ್ಪ ಸುಮ್ನೆ ಇರಿಸ್ಕೊಂಡಿದ್ರು."

ಬಾಚಣಿಗೆಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ನಿಧಾನವಾಗಿ. ಅಕ್ಕ ಜಡೆ ಪೂರ್ತಿ ಹೆಣೆದಳು, ರಿಬ್ಬನ್ ಕಟ್ಟಿದಳು, ಮಗಳನ್ನು ಒಳಗೆ ಕಳಿಸಿದಳು. ಆಮೇಲೆ ಬಂದು ನನ್ನ ಎದುರು ನಿಂತಳು.

"ಯಾವತ್ತಿಂದ?"

"ಒಂದನೇ ತಾರೀಖು, ಬುಧವಾರದಿಂದ."

"ನಮ್ಮನ್ನ ಊಟಕ್ಕೆ ಕರೆದಂಗೆ ಬಂದು ಕರೆದ್ಯಲ್ಲ, ಅದು?"

"ಅದಾದ ಮೇಲೆ. ಶುಕ್ರವಾರ."

"ಮಳೆ ಅಂದಿದ್ದು?"

ನಾನು ಜಗಲಿಯಿಂದ ಎದ್ದು ನಿಂತೆ.

"ಪುಟ ನಂಬಬೇಡಿ ಅಂತ ಒಂದು ಮಾತು ಅಂದಿದ್ರೆ ಅವರು ಇಳೀತಿರ್ಲಿಲ್ಲ ಕಣೋ," ಎಂದಳು. ಬೈಯುವ ದನಿಯಲ್ಲ. ಲೆಕ್ಕ ಕೂಡಿಸಿ ನೋಡಿ ಹೇಳುವವರ ದನಿ. "ನೀನು ಬರೆದಿದ್ದು ಅಂತ ನಂಬಿದ್ರು. ಬೇರೆ ಯಾರು ಬರೆದಿದ್ರೂ ಇಷ್ಟು ನಂಬ್ತಿರ್ಲಿಲ್ಲ."

ಒಳಗೆ ಹೋಗಿ ಬಟ್ಟೆ ಕಟ್ಟಿದಳು. ಮಾರುಕಟ್ಟೆ ಕಟ್ಟಡದಲ್ಲಿ ಕೆಳಬೀದಿಯವರಿಗೆಲ್ಲ ಜಾಗ ಮಾಡಿಕೊಟ್ಟಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಹೆಂಡತಿ ಚಪ್ಪಲಿ ಮೆಟ್ಟಿ ಅವಳ ಕೈಯಿಂದ ಒಂದು ಚೀಲ ತೆಗೆದುಕೊಂಡಳು. ಇಬ್ಬರೂ ಇಳಿಜಾರಿನಲ್ಲಿ ಇಳಿದು ಹೋದರು. ಅಕ್ಕ ತಿರುಗಿ ನೋಡಲಿಲ್ಲ. ಹೆಂಡತಿ ಒಮ್ಮೆ ನೋಡಿದಳು.

ಮಗಳು ಬಂದು ಬಾಗಿಲ ಚೌಕಟ್ಟಿಗೆ ಆತುಕೊಂಡಳು.

"ಅತ್ತೆ ನನ್ನಿಂದ ಹೋದ್ರಾ ಅಪ್ಪ? ಜ್ವರ ಇರ್ಲಿಲ್ಲ ಅಂತ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು," ಎಂದೆ. "ಮೊದಲೇ ಹೇಳ್ಬೇಕಿತ್ತು."

ಅವಳು ನನ್ನ ಮುಖ ನೋಡಿದಳು. ತನ್ನನ್ನೇ ಬೈದೆನೆಂದುಕೊಂಡು ಕಣ್ಣು ತುಂಬಿಕೊಂಡಳು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸೆಪ್ಟೆಂಬರ್ ಹತ್ತೊಂಬತ್ತರಿಂದ, ಆ ಒಂದು ಪದ ಸೇರಿಸಿದ ದಿನದಿಂದ, ಹೇಳಲು ಶುರುಮಾಡಿದೆ.